ಷರಾ ಕಾಲಂ

ಆಫೀಸಿನಲ್ಲಿ ಎಕ್ಸೆಲ್ ಜೊತೆ ಏಗುವವರಿಗೆ ಈ ದಿನಚರಿ ಗೊತ್ತೇ ಇರುತ್ತೆ. ಕ್ಲೌಡ್‌ನಲ್ಲಿರೋ ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಲಾಗಿನ್ ಆಗು, ರಿಪೋರ್ಟ್ ತೆಗೆ, ಸಿಎಸ್‌ವಿ ಕಡತ ಇಳಿಸು, ಕಾಪಿ ಹೊಡಿ, ನಿನ್ನೆಯ ಶೀಟಿನ ಕೆಳಗೆ ಪೇಸ್ಟ್ ಮಾಡು. ಮಾರನೇ ದಿನ ಮತ್ತೆ ಅದೇ ರಾಗ, ಅದೇ ಹಾಡು...

ನಮ್ಮದು ಬೆಂಗಳೂರಿನ ದರ್ಶಿನಿಗಳಿಗೆ ತರಕಾರಿ ಒದಗಿಸೋ ಕಂಪನಿ. ಬೆಳಗಿನ ಜಾವ ಮೂರರಿಂದ ಐದರೊಳಗೆ ಲೋಡ್ ಇಳಿಯುತ್ತೆ, ಬಿಲ್ಲೂ ಆಗಲೇ ಆಗುತ್ತೆ. ಈ ಕಾಪಿ-ಪೇಸ್ಟ್ ಕೆಲಸ ಅಕೌಂಟ್ಸ್‌ನ ಹಿರಿಯರೊಬ್ಬರದ್ದು. ನಾವೆಲ್ಲ ಅವರನ್ನ ಕರೆಯೋದು ರಾಯರೇ ಅಂತ. ಜೊತೆಗೆ ಕಾಂಟ್ರಾಕ್ಟ್ ಮೇಲೆ ಬಂದಿದ್ದ ಒಬ್ಬಳು ಹುಡುಗಿ. ದಿನಾ ಎರಡು ಗಂಟೆ ಇಬ್ಬರಿಗೂ ಇದೇ ಆಗ್ತಿತ್ತು.

2023ರ ಏಪ್ರಿಲ್ ಮೊದಲ ವಾರ, ಹೊರಗಿನಿಂದ ಒಬ್ಬ ಹುಡುಗ ಬಂದು ಎಕ್ಸೆಲ್‌ನಿಂದ ಕ್ಲೌಡ್‌ಗೆ ನೇರ ಸಂಪರ್ಕ ಹಾಕಿಕೊಟ್ಟ. ಅದಕ್ಕೆ ಪವರ್ ಕ್ವೆರಿ ಅಂತಾರೆ. ಮೊದಲು ಬೇರೆಯಾಗಿ ಹಾಕಿಕೊಳ್ಳಬೇಕಿತ್ತು, ಎಕ್ಸೆಲ್ 2016ರಿಂದ ಒಳಗೇ ಬರುತ್ತೆ. ಡೇಟಾ ಟ್ಯಾಬ್‌ನಲ್ಲಿ 'ಗೆಟ್ ಡೇಟಾ' ಒತ್ತಿ, ಮೂಲ ಯಾವುದು ಅಂತ ಹೇಳಿ, ಲಾಗಿನ್ ಆಗಿ, ಬೇಕಾದ ಟೇಬಲ್ ಆರಿಸಿದರೆ ಆಯ್ತು. ಬೇಡದ ಕಾಲಂ ತೆಗೆದಿದ್ದು, ಹೆಸರು ಬದಲಿಸಿದ್ದು ಎಲ್ಲವನ್ನೂ ಅದು ಹೆಜ್ಜೆ ಹೆಜ್ಜೆಯಾಗಿ ನೆನಪಿಟ್ಟುಕೊಳ್ಳುತ್ತೆ. ಮಾರನೇ ದಿನ 'ರಿಫ್ರೆಶ್' ಒತ್ತಿದರೆ ಅಷ್ಟೂ ಹೆಜ್ಜೆಗಳನ್ನ ತಾನೇ ಹಾಕಿ ಹೊಸ ಲೆಕ್ಕ ತಂದು ಮುಂದಿಡುತ್ತೆ. ಎರಡು ಗಂಟೆಯ ಕೆಲಸ ಒಂದು ನಿಮಿಷಕ್ಕೆ ಬಂತು. ನಿಜವಾಗ್ಲೂ ಚೆನ್ನಾಗಿದೆ ಕಣ್ರೀ, ಸುಳ್ಳು ಯಾಕೆ ಹೇಳಲಿ.

"ಹಾಗಾದ್ರೆ ರಾಯರೇ, ಇನ್ನು ಬೆಳಗ್ಗೆ ನಿಮಗೇನು ಕೆಲಸ?" ಅಂತ ಬಾಸ್ ನಕ್ಕರು. ರಾಯರು ನಗಲಿಲ್ಲ. ಕನ್ನಡಕ ಸರಿಮಾಡಿಕೊಂಡು, "ಮಾರ್ಚ್ ತಿಂಗಳು ತೆಗಿಯಪ್ಪ, ನೋಡೋಣ" ಅಂದರು.

ತಿಂಗಳ ಒಟ್ಟು ಮೊತ್ತ ಹೆಚ್ಚುಕಮ್ಮಿ ಸರಿಯಾಗೇ ಇತ್ತು. ಎಲ್ಲರೂ ಏಳೋದರಲ್ಲಿದ್ದೆವು. ರಾಯರು ಬೆರಳಿಟ್ಟಿದ್ದು 22ನೇ ತಾರೀಖಿನ ಮೇಲೆ. "ಅವತ್ತು ಯುಗಾದಿ. ಲೋಡೇ ಕಳಿಸಿಲ್ಲ. ಬಿಲ್ಲು ಎಲ್ಲಿಂದ ಬಂತು?" ಅದರ ಹಿಂದಿನ ದಿನ ನೋಡಿದರೆ ಖಾಲಿ!

ಹುಡುಗ ಒಪ್ಪಲಿಲ್ಲ. ಕ್ಲೌಡ್‌ನಲ್ಲಿ ಇರೋದೇ ಹಾಗೆ ಅಂದ. ಆಗ ರಾಯರು ಹಳೇ ಶೀಟು ತೆಗೆದರು. ಕೊನೇ ಕಾಲಂ 'ಷರಾ'. 22ರ ಎದುರು "ಯುಗಾದಿ, ಲೋಡ್ ಇಲ್ಲ" ಅಂತ ಬರೆದಿತ್ತು. ದಿನಾ ಅದನ್ನ ಕೈಯಾರೆ ಟೈಪ್ ಮಾಡ್ತಿದ್ದವಳು ಆ ಹುಡುಗಿ. ಕ್ಲೌಡ್‌ನಲ್ಲಿ ಆ ಕಾಲಂ ಇಲ್ಲವೇ ಇಲ್ಲ.

ಆಮೇಲೆ ಕಾರಣ ಸಿಕ್ಕಿತು. ಇಂಥ ಸಾಫ್ಟ್‌ವೇರ್‌ಗಳು ಸಮಯವನ್ನ ಒಳಗೆ ಯುಟಿಸಿಯಲ್ಲಿ, ಅಂದ್ರೆ ಎಲ್ಲ ದೇಶಗಳಿಗೂ ಒಂದೇ ಆದ ಗಡಿಯಾರದಲ್ಲಿ, ಇಟ್ಟಿರುತ್ತವೆ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಪರದೆ ಮೇಲೆ ತೋರಿಸುವಾಗ, ರಿಪೋರ್ಟ್ ಇಳಿಸಿಕೊಡುವಾಗ ನಮ್ಮ ಸಾಫ್ಟ್‌ವೇರ್ ಭಾರತದ ಸಮಯಕ್ಕೆ ತಿರುಗಿಸಿ ಕೊಡ್ತಿತ್ತು. ನೇರ ಸಂಪರ್ಕದಲ್ಲಿ ಬಂದಿದ್ದು ಒಳಗಿದ್ದ ಹಸಿ ಸಮಯ. ಬೆಳಗಿನ ಜಾವ ನಾಲ್ಕಕ್ಕೆ ಆದ ಬಿಲ್ಲು ಅದರ ಲೆಕ್ಕದಲ್ಲಿ ಹಿಂದಿನ ರಾತ್ರಿ ಹತ್ತೂವರೆಯದ್ದು!

ದಿನಕ್ಕೊಂದು ದಿನ ಹಿಂದೆ ಸರಿದರೆ ತಿಂಗಳ ಮೊತ್ತದಲ್ಲಿ ದೊಡ್ಡ ವ್ಯತ್ಯಾಸ ಕಾಣಲ್ಲ. ಆದರೆ ಏಪ್ರಿಲ್ 1ರ ಬೆಳಗಿನ ಜಾವದ ಬಿಲ್ಲುಗಳೆಲ್ಲ ಮಾರ್ಚ್ 31ಕ್ಕೆ, ಅಂದ್ರೆ ಹಿಂದಿನ ಹಣಕಾಸು ವರ್ಷಕ್ಕೇ ಹೋಗಿ ಕೂತಿದ್ದವು. ಮಾರ್ಚಿನ ಜಿಎಸ್‌ಟಿಆರ್-1 ಸಲ್ಲಿಸೋಕೆ ಏಪ್ರಿಲ್ 11 ಕೊನೇ ದಿನ. ಈ ಶೀಟು ನಂಬಿಕೊಂಡು ಸಲ್ಲಿಸಿದ್ದರೆ? ಹುಡುಗ ಐದೂವರೆ ಗಂಟೆ ಕೂಡಿಸೋ ಇನ್ನೊಂದು ಹೆಜ್ಜೆ ಸೇರಿಸಿದ. ಐದು ನಿಮಿಷದ ಕೆಲಸ, ಅಷ್ಟೇ.

ಇಂಗ್ಲೆಂಡಿನಲ್ಲಿ 2020ರಲ್ಲಿ ಆಗಿದ್ದೂ ಇಂಥದ್ದೇ. ಲ್ಯಾಬುಗಳಿಂದ ಬಂದ ಕೋವಿಡ್ ಫಲಿತಾಂಶಗಳನ್ನ ಹಳೇ ಮಾದರಿಯ ಎಕ್ಸೆಲ್ ಕಡತಕ್ಕೆ ತುಂಬಿದ್ದರು. ಅದರಲ್ಲಿ ಹಿಡಿಸೋದು 65,536 ಸಾಲು ಮಾತ್ರ. 15,841 ಪ್ರಕರಣ ವರದಿಯಿಂದ ಬಿಟ್ಟುಹೋದವು. ಅಲ್ಲಿ ಹೋಗಿದ್ದು ಲೆಕ್ಕದ ಸಾಲಷ್ಟೇ ಅಲ್ಲ, ಸೋಂಕಿತರ ಸಂಪರ್ಕದಲ್ಲಿದ್ದವರನ್ನ ಎಚ್ಚರಿಸಬೇಕಿದ್ದ ಸಮಯ.

ಇಷ್ಟಾದ ಮೇಲೂ ಜೂನ್‌ನಲ್ಲಿ ಆ ಹುಡುಗಿಯ ಕಾಂಟ್ರಾಕ್ಟ್ ಮುಂದುವರಿಸಲಿಲ್ಲ. ಕಾಪಿ-ಪೇಸ್ಟ್ ಇಲ್ಲವಲ್ಲ, ಕೆಲಸ ಏನಿದೆ ಅಂದರು. ತಪ್ಪು ಹಿಡಿದುಕೊಟ್ಟಿದ್ದು ಅವಳು ಬರೆದ ಎರಡು ಪದ ಅಂತ ರಾಯರು ಹೇಳಿ ನೋಡಿದರು, ಆಗಲಿಲ್ಲ. ಅದೊಂದು ಮಾತ್ರ ನನಗೆ ಇವತ್ತಿಗೂ ಗಂಟಲಲ್ಲಿ ಸಿಕ್ಕಿಕೊಂಡ ಹಾಗಿದೆ.

ರಾಯರು ನಿವೃತ್ತರಾಗೋ ಮೊದಲು ಷರಾ ಕಾಲಂ ಅನ್ನ ಬೇರೆ ಶೀಟಾಗಿ ಮಾಡಿ, ಕ್ಲೌಡ್‌ನಿಂದ ಬರೋ ಲೆಕ್ಕದ ಪಕ್ಕಕ್ಕೆ ಜೋಡಿಸಿ ಹೋದರು. 'ಲೋಡ್ ಇಲ್ಲ' ಅಂತಿರೋ ದಿನ ಬಿಲ್ಲು ಕಂಡರೆ ಆ ಸಾಲು ಕೆಂಪಾಗುತ್ತೆ. ಈಗ ಅದನ್ನ ತುಂಬೋದು ನಾನು. ಬಂದ್, ಮಳೆ, ಹಬ್ಬ... ದಿನಕ್ಕೆ ಒಂದು ಸಾಲು.

ನಿಮ್ಮ ಆಫೀಸಿನ ಎಕ್ಸೆಲ್‌ಗೂ ಇಂಥ ಸಂಪರ್ಕ ಇದ್ದರೆ ಕೆಲಸವೇ ನಡೆಯದ ಒಂದು ರಜಾ ದಿನ ಆರಿಸಿ ನೋಡಿ. ಏನಾದ್ರೂ ಸಿಕ್ಕಿದರೆ ಇಲ್ಲೂ ಒಂದು ಷರಾ ಬರೆಯೋದು ಮರೀಬೇಡಿ :-)