ಸೈರನ್ ನಿಂತ ಮೇಲೆ ಕೆ.ಜಿ.ಎಫ್.

ಬಂಗಾರಪೇಟೆ ಜಂಕ್ಷನ್ನಿನಲ್ಲಿ ಕವಲೊಡೆಯುವ ರೈಲುಮಾರ್ಗ ಸುಮಾರು 16 ಕಿ.ಮೀ. ಸಾಗಿ ಮಾರಿಕುಪ್ಪಂನಲ್ಲಿ ಮುಗಿಯುತ್ತದೆ. ಮುಂದೆ ಹಳಿಯಿಲ್ಲ. ಒಂದು ಕಾಲಕ್ಕೆ ಅಲ್ಲಿಂದ ಮುಂದಿನ ಪ್ರಯಾಣವೆಲ್ಲ ನೆಲದೊಳಕ್ಕೆ! ಊರು ಸಮೀಪಿಸುತ್ತಿದ್ದಂತೆ ಕಿಟಕಿಯಾಚೆ ಕಾಣುವ ಬೂದುಬಣ್ಣದ ಚಪ್ಪಟೆ ಗುಡ್ಡಗಳನ್ನು ಹೊಸಬರು ಬೆಟ್ಟಗಳೆಂದೇ ತಿಳಿಯುತ್ತಾರೆ. ಅವು ಚಿನ್ನ ತೆಗೆದ ಬಳಿಕ ಸುರಿದ ಕಲ್ಲುಪುಡಿಯ ರಾಶಿಗಳು. ಊರಿನವರ ಮಾತಿನಲ್ಲಿ ಸೈನೈಡ್ ದಿಬ್ಬಗಳು.

ಕೋಲಾರ ಚಿನ್ನದ ಗಣಿ ಪ್ರದೇಶ, ಅಂದರೆ ಕೆ.ಜಿ.ಎಫ್., ಬೆಂಗಳೂರಿನಿಂದ ಸುಮಾರು ನೂರು ಕಿ.ಮೀ. ದೂರದಲ್ಲಿದೆ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಆಳವಾದ ಗಣಿಗಾರಿಕೆಗೆ ಕೈಹಾಕಿತು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಸುಮಾರು 150 ಕಿ.ಮೀ. ತಂತಿಯ ಮೇಲೆ ಹರಿದು ಬಂದದ್ದು ಈ ಗಣಿಗಳಿಗಾಗಿಯೇ. ಚಾಂಪಿಯನ್ ರೀಫ್ ಗಣಿ ಮೂರು ಕಿ.ಮೀ.ಗೂ ಹೆಚ್ಚು ಆಳಕ್ಕಿಳಿದು ಜಗತ್ತಿನ ಅತ್ಯಂತ ಆಳದ ಗಣಿಗಳ ಸಾಲಿಗೆ ಸೇರಿತು.

ಅಷ್ಟು ಆಳದಲ್ಲಿ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಮೇಲಿನ ಭಾರಕ್ಕೆ ಬಂಡೆಗಳು ಒಮ್ಮೊಮ್ಮೆ ಸಿಡಿಯುತ್ತಿದ್ದವು. ‘ಏರ್ ಬ್ಲಾಸ್ಟ್’ ಎಂದು ಹೆಸರಾದ ಆ ಸಿಡಿತಕ್ಕೆ ಮೇಲಿನ ಮನೆಗಳೂ ನಡುಗುತ್ತಿದ್ದವು. ಅದೇ ಆಳ ವಿಜ್ಞಾನಕ್ಕೂ ನೆರವಾಯಿತು. ನೆಲದ ಮೇಲಿನ ವಿಶ್ವಕಿರಣಗಳ ಗದ್ದಲ ಅಲ್ಲಿಗೆ ಮುಟ್ಟದ ಕಾರಣ, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಸುಳಿವನ್ನು 1965ರಲ್ಲಿ ಭಾರತ, ಜಪಾನ್ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ಇಲ್ಲಿಯೇ ಹಿಡಿದರು.

ಇಂಥ ಊರಿಗೆ ಗಡಿಯಾರವೆಂದರೆ ಪಾಳಿಯ ಸೈರನ್. ಒಲೆ ಹೊತ್ತಿಸುವುದು, ಬುತ್ತಿ ಕಟ್ಟುವುದು, ಕೊನೆಗೆ ಗಣಿಯಿಂದ ಯಜಮಾನ ಮೇಲೆ ಬಂದನೆಂದು ಮನೆಯವರು ನಿಟ್ಟುಸಿರು ಬಿಡುವುದು, ಎಲ್ಲವೂ ಅದರ ಲೆಕ್ಕದಲ್ಲೇ ನಡೆಯುತ್ತಿತ್ತು.

ಕ್ರಮೇಣ ಅದಿರಿನಲ್ಲಿ ಚಿನ್ನದ ಪ್ರಮಾಣ ಇಳಿಯಿತು, ಆಳ ಹೆಚ್ಚಿದಂತೆ ಖರ್ಚು ಏರಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ನಿವೃತ್ತಿಯ ಅಂಚಿನಲ್ಲಿದ್ದವರಷ್ಟೇ ಅಲ್ಲ, ಇನ್ನೂ ಹತ್ತಾರು ವರ್ಷ ದುಡಿಯುವ ಕಸುವಿದ್ದವರೂ ಒಟ್ಟಿಗೆ ಮನೆ ಸೇರಿದರು. ಬೇರೆಡೆ ಒಬ್ಬಿಬ್ಬರು ಅವಧಿಗೆ ಮೊದಲೇ ನಿವೃತ್ತರಾಗುತ್ತಾರೆ. ಇಲ್ಲಿ ಒಂದಿಡೀ ಊರೇ ನಿವೃತ್ತವಾಯಿತು. ಬಾಕಿ ಹಣಕ್ಕಾಗಿ, ವಾಸದ ಮನೆಗಾಗಿ ವರ್ಷಗಟ್ಟಲೆ ಹೋರಾಟ ನಡೆಯಿತು.

ಹಣದ ಪ್ರಶ್ನೆ ದೊಡ್ಡದು. ಆದರೆ ಹಣ ಕೈಸೇರಿದರೂ ತೀರದ ಪ್ರಶ್ನೆ ಮತ್ತೊಂದಿತ್ತು. ಬೆಳಿಗ್ಗೆ ಎದ್ದು ಮಾಡುವುದೇನು? ಕೆಲಸದ ಜೊತೆಗೇ ಮೂರು ಸಂಗತಿಗಳು ಹೋಗಿದ್ದವು: ದಿನದ ಹೊತ್ತುಗೊತ್ತು, ಪಕ್ಕದಲ್ಲಿ ನಿಲ್ಲುವ ಜೊತೆಗಾರ, ‘ಇದು ನನಗೆ ಗೊತ್ತು’ ಎಂಬ ಹೆಮ್ಮೆ. ಬಂಡೆಯ ಸದ್ದು ಕೇಳಿಯೇ ಅಪಾಯವನ್ನು ಅಳೆಯಬಲ್ಲ ಕಿವಿಗೆ ನೆಲದ ಮೇಲೆ ಯಾವ ಕೆಲಸ? ಬಿಡುವು ಸಿಹಿಯಾಗುವುದು ದುಡಿಮೆಯ ಪಕ್ಕದಲ್ಲಿದ್ದಾಗ. ಸೋಮವಾರವೇ ಬಾರದಿದ್ದರೆ ಭಾನುವಾರಕ್ಕೆ ಬೆಲೆಯೆಲ್ಲಿ?

ಇದು ಕೇವಲ ಮನಸ್ಸಿನ ಮಾತಲ್ಲ. ದೇಹದ ಜೀವಕೋಶಗಳಲ್ಲಿ ಸುಮಾರು 24 ಗಂಟೆಗಳ ಜೈವಿಕ ಗಡಿಯಾರವಿದೆ. ಅದರ ಒಳಯಂತ್ರವನ್ನು ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬ್ಯಾಶ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರ ವೈದ್ಯಕೀಯ ನೊಬೆಲ್ ಸಂದಿತು. ಈ ಗಡಿಯಾರವನ್ನು ದಿನವೂ ಸರಿಪಡಿಸುವುದು ಮುಖ್ಯವಾಗಿ ಬೆಳಕು. ಊಟದ ಹೊತ್ತು, ಓಡಾಟಗಳೂ ಕೈಜೋಡಿಸುತ್ತವೆ. ಏಳುವ, ಉಣ್ಣುವ, ಮಲಗುವ ಹೊತ್ತು ದಿನಕ್ಕೊಂದು ರೀತಿಯಾದರೆ ನಿದ್ದೆ ಕೆಡುತ್ತದೆ. ನಿದ್ದೆ ಕೆಟ್ಟವನಲ್ಲಿ ಉತ್ಸಾಹ ಹುಡುಕುವುದು ಬತ್ತಿದ ಬಾವಿಗೆ ಬಿಂದಿಗೆ ಇಳಿಸಿದಂತೆ. ಉತ್ಸಾಹ ಬರಲಿ, ಆಮೇಲೆ ಏಳೋಣ ಎಂದು ಕಾಯುವವರಿಗೆ ಅದು ಬರುವುದೇ ಇಲ್ಲ. ಮೊದಲು ಎದ್ದು ಹೊರಟರೆ ಉತ್ಸಾಹ ಹಿಂದಿನಿಂದ ಬರುತ್ತದೆ.

ಕೆ.ಜಿ.ಎಫ್. ಹಾಗೆಯೇ ಎದ್ದು ಹೊರಟಿತು. ಬೆಳಗಿನ ಜಾವ ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ರಾತ್ರಿ ಮರಳುವವರು ಸಾವಿರಾರು ಮಂದಿ. ಅದು ಸುಖದ ಬದುಕಲ್ಲ; ದಿನಕ್ಕೆ ನಾಲ್ಕೈದು ಗಂಟೆ ಪ್ರಯಾಣದಲ್ಲೇ ಸವೆಯುತ್ತದೆ. ಹೊಟ್ಟೆಪಾಡು ಅವರನ್ನು ಎಬ್ಬಿಸಿತು ನಿಜ. ಆದರೂ ಸೈರನ್ ಕಳೆದುಕೊಂಡ ಊರಿಗೆ ರೈಲಿನ ಸಿಳ್ಳೆಯೇ ಹೊಸ ಗಡಿಯಾರವಾಯಿತು. ಬೋಗಿಯಲ್ಲಿ ಜೊತೆಗಾರರೂ ಸಿಕ್ಕರು. ರೈಲು ಹತ್ತುವ ಶಕ್ತಿಯಿಲ್ಲದವರದ್ದೇ ಕಷ್ಟ. ಕಲ್ಲಿನ ಧೂಳು ಶ್ವಾಸಕೋಶ ಸೇರಿ ಸಿಲಿಕೋಸಿಸ್ ಹಿಡಿದವರಿಗೆ ಬಿಡುವು ವರವಾಗಲಿಲ್ಲ.

ಇಂದು ಎಷ್ಟೋ ಮನೆಗಳಲ್ಲಿ ಕಾರ್ಖಾನೆಯಿಂದಲೋ ಬ್ಯಾಂಕಿನಿಂದಲೋ ಸ್ವಯಂ ನಿವೃತ್ತಿ ಪಡೆದ ತಂದೆ ಐವತ್ತರ ಹೊತ್ತಿಗೇ ಮನೆಯಲ್ಲಿರುತ್ತಾರೆ. ‘ಇನ್ನು ಆರಾಮವಾಗಿರಿ’ ಎಂದು ಮನೆಯವರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಆರಾಮಕ್ಕಿಂತ ಹೆಚ್ಚಾಗಿ ಅವರಿಗೆ ಬೇಕಾದದ್ದು ತಪ್ಪಿಸಲಾಗದ ಒಂದು ಹೊತ್ತು, ಕಾಯುವ ಒಬ್ಬ ಮನುಷ್ಯ. ಸಂಜೆ ಆರಕ್ಕೆ ಮಗಳಿಗೆ ಲೆಕ್ಕ ಹೇಳಿಕೊಡಬೇಕೆಂದಿದ್ದರೆ ಐದೂವರೆಗೇ ಅವರ ಕನ್ನಡಕ ಮೇಜಿನ ಮೇಲಿರುತ್ತದೆ. ವಿದ್ಯಾರ್ಥಿಗಳಿಗೂ ಈ ಮಾತು ಸಲ್ಲುತ್ತದೆ: ಬೇಸಿಗೆ ರಜೆಯ ಮೂರನೇ ವಾರ ಬೇಸರ ಹಿಡಿಯುವುದು ಇದೇ ಕಾರಣಕ್ಕೆ.

ಕೆ.ಜಿ.ಎಫ್. ನೋಡಲು ಹೋಗುವವರು ಮುಚ್ಚಿದ ಶಾಫ್ಟುಗಳ ಬಳಿ ಸುಳಿಯಬಾರದು. ಗಾಳಿಯ ದಿನಗಳಲ್ಲಿ ದಿಬ್ಬಗಳ ಧೂಳಿನಿಂದ ದೂರವಿರಬೇಕು. ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆ, ಊರಿಗಾಂ ರೈಲು ನಿಲ್ದಾಣ, ಕಾರ್ಮಿಕರ ಲೈನ್ ಮನೆಗಳ ಸಾಲು ರಸ್ತೆಯಿಂದಲೇ ಕಾಣುತ್ತವೆ. ಟೀ ಅಂಗಡಿಯಲ್ಲಿ ಹಳೆಯ ಗಣಿ ಕಾರ್ಮಿಕರೊಬ್ಬರು ಸಿಕ್ಕರೆ, ಕೇಜು ಅಷ್ಟು ಆಳಕ್ಕೆ ಹೇಗೆ ಇಳಿಯುತ್ತಿತ್ತೆಂದು ಮಕ್ಕಳು ಕೇಳಲಿ. ಯಾವ ಪುಸ್ತಕದಲ್ಲೂ ಸಿಗದ ಪಾಠ ಅದು. ಹೇಳುವವರಿಗೂ ಅಂದು ಒಂದು ಪಾಳಿ ದುಡಿದ ತೃಪ್ತಿ.