ಕಾಳಿ ಅಳಿವೆಯ ಉಸಿರು

ಕಾರವಾರದ ಕಡಲಲ್ಲಿ ಡಾಲ್ಫಿನ್ ನಮಗೆ ಮೊದಲು ಕಾಣಿಸಲಿಲ್ಲ, ಕೇಳಿಸಿತು. ದೋಣಿಯವರು ಇಂಜಿನ್ ಬಂದ್ ಮಾಡಿ ಕೂತಿದ್ದರು. ನಮ್ಮ ಬೆನ್ನ ಹಿಂದೆ 'ಫೂಸ್' ಎಂದು ಯಾರೋ ಜೋರಾಗಿ ಉಸಿರು ಬಿಟ್ಟಂತಾಯಿತು. ಎಲ್ಲರೂ ತಿರುಗುವಷ್ಟರಲ್ಲಿ ನೀರು ಮುಚ್ಚಿಕೊಂಡಿತ್ತು. ಅವ್ವ ನನ್ನ ರಟ್ಟೆ ಹಿಡಿದು, "ಯಾರಪಾ ಅದು?" ಅಂದಳು.

ಚಳಿಗಾಲದಲ್ಲಿ ಹೊಲದ ಬದುವಿಗೆ ಬೆಂಕಿ ಹಾಕಿಕೊಂಡು ಕೂತಾಗ ನಮ್ಮಲ್ಲಿ ಯಾರಾದರೊಬ್ಬರು ಈ ಮಾತು ಎತ್ತುತ್ತಾರೆ. ಕೇಳುವವರು ಕೇಳಿದ್ದನ್ನೇ ಮತ್ತೆ ಕೇಳುತ್ತಾರೆ. ಇವತ್ತು ಮೊದಲಿನಿಂದ ಹೇಳುತ್ತೇನೆ.

ನಮ್ಮದು ಕಲ್ಮಲ. ರಾಯಚೂರಿನಿಂದ ಬಂದ ರಸ್ತೆ ಇಲ್ಲಿ ಕವಲೊಡೆದು ಒಂದು ಮಾನ್ವಿ, ಸಿಂಧನೂರಿನ ಕಡೆಗೂ ಇನ್ನೊಂದು ದೇವದುರ್ಗದ ಕಡೆಗೂ ಹೋಗುತ್ತದೆ. ಆಚೆ ಕೃಷ್ಣೆ, ಈಚೆ ತುಂಗಭದ್ರೆ. ನಡುವೆ ಹತ್ತಿ, ತೊಗರಿ, ಜೋಳದ ನೆಲ. ಅವ್ವನ ತವರು ದೇವದುರ್ಗ ತಾಲೂಕಿನ ಕೃಷ್ಣಾ ದಂಡೆ. ಅವಳಿಗೆ ದೊಡ್ಡ ನೀರೆಂದರೆ ಹೊಳೆ, ಹೊಳೆಯೆಂದರೆ ಮೊಸಳೆಯ ಭಯ. ಬಟ್ಟೆ ಒಗೆಯಲು ಹೋದಾಗ ಮೊದಲು ನೀರು ನೋಡಬೇಕು, ಆಮೇಲೆ ಕಾಲಿಡಬೇಕು ಎಂದು ಕಲಿತು ಬೆಳೆದವಳು. ಸಮುದ್ರ ನೋಡಬೇಕೆಂಬ ಆಸೆ ಅವಳಿಗೆ ಬಹಳ ದಿನದಿಂದ ಇತ್ತು. ಮಗಳಿಗೆ ಡಿಸೆಂಬರ್ ರಜೆ ಬಂದಾಗ ಹೊರಟೆವು.

ಸಿಂಧನೂರು, ಗಂಗಾವತಿ, ಕೊಪ್ಪಳ, ಹುಬ್ಬಳ್ಳಿ ದಾಟಿ ಯಲ್ಲಾಪುರಕ್ಕೆ ಬರುವ ಹೊತ್ತಿಗೆ ನೆಲದ ಬಣ್ಣವೇ ಬೇರೆ. ಅರಬೈಲು ಘಟ್ಟ ಇಳಿಯುವಾಗ ಅವ್ವ ಕಿಟಕಿಗೆ ಹಣೆ ಹಚ್ಚಿ ಕೂತಿದ್ದಳು. "ನಮ್ಮ ಕೃಷ್ಣಿ ಇಲ್ಲಿಗೇ ಬಂದು ಸೇರ್ತಾಳೇನು?" ಎಂದು ಕೇಳಿದಳು. ಇಲ್ಲವ್ವ ಅಂದೆ. ಮಹಾಬಳೇಶ್ವರದಲ್ಲಿ ಹುಟ್ಟುವ ಕೃಷ್ಣೆಗೆ ಅರಬ್ಬೀ ಸಮುದ್ರ ಬರೀ 64 ಕಿಲೋಮೀಟರ್ ದೂರ. ಆದರೂ ಅವಳು ಈ ಕಡೆ ಬೆನ್ನು ಮಾಡಿ, ಸುಮಾರು 1,400 ಕಿಲೋಮೀಟರ್ ಹರಿದು, ನಮ್ಮ ಸೀಮೆಗೆಲ್ಲ ನೀರುಣಿಸಿ ಮೂಡಣ ಕಡಲು ಸೇರುತ್ತಾಳೆ. ಕಾರವಾರದಲ್ಲಿ ಕಡಲಿಗೆ ಸೇರುವವಳು ಕಾಳಿ. ಜೋಯಿಡಾದ ಕಾಡಲ್ಲಿ ಹುಟ್ಟಿ 184 ಕಿಲೋಮೀಟರಿನಲ್ಲಿ ಓಟ ಮುಗಿಸುತ್ತಾಳೆ.

ಮರುದಿನ ಬೆಳಿಗ್ಗೆ ಕೋಡಿಬಾಗದಲ್ಲಿ ದೋಣಿ ಹತ್ತಿದೆವು. ಬಲಕ್ಕೆ ದೇವಬಾಗದ ಗಾಳಿಮರಗಳ ಸಾಲು, ಮುಂದೆ ಕೂರ್ಮಗಡದ ಗುಡ್ಡ, ಇನ್ನೂ ದೂರಕ್ಕೆ ದೇವಗಡದ ದೀಪಸ್ತಂಭ. ದೋಣಿಯವರು ಮೀನುಗಾರರ ಮನೆತನದವರು, ವಯಸ್ಸಾದವರು. ಕಾಳಿಯ ಸಿಹಿನೀರು, ಕಡಲಿನ ಉಪ್ಪುನೀರು ಕೂಡುವ ಅಳಿವೆಯಲ್ಲಿ ದೋಣಿ ನಿಲ್ಲಿಸಿ ಅವರು ಹೇಳಿದ್ದು ಇಷ್ಟೇ: "ಅಮ್ಮಾ, ಇಲ್ಲಿ ಸುಮ್ಮನೆ ಕೂತ್ಕೊಳ್ಳಿ. ಅವಕ್ಕೆ ಬರಬೇಕು ಅನ್ನಿಸಿದ್ರೆ ಬರ್ತವೆ."

ಆಗಲೇ ಆ ಉಸಿರು ಕೇಳಿಸಿದ್ದು.

ಎರಡನೇ ಸಲ ನೀರು ಸೀಳಿಕೊಂಡು ಬೂದುಗಪ್ಪು ಬೆನ್ನೊಂದು ಎದ್ದಿತು. ಅವ್ವ "ಮೊಸಳಿ!" ಎಂದು ಕಾಲು ಮೇಲಕ್ಕೆಳೆದುಕೊಂಡಳು. ಬೆನ್ನು ಬಾಗಿತು, ಮೇಲೆ ಉಬ್ಬು, ಉಬ್ಬಿನ ತುದಿಗೆ ಸಣ್ಣ ರೆಕ್ಕೆ. ಅವ್ವ ಕಾಲು ಮೆಲ್ಲಗೆ ಇಳಿಸಿ, "ಅಲ್ಲ, ಮೊಸಳಿ ಅಲ್ಲ. ಎತ್ತಿನ ಹಿಣಿಲು ಇದ್ದಂಗ ಐತಿ ನೋಡು" ಅಂದಳು. ನಮ್ಮ ಪಶ್ಚಿಮ ಕರಾವಳಿಯ ಈ ಡಾಲ್ಫಿನ್‌ಗೆ ವಿಜ್ಞಾನಿಗಳು 'ಹಂಪ್‌ಬ್ಯಾಕ್' ಎಂದು ಹೆಸರಿಟ್ಟದ್ದು ಈ ಉಬ್ಬಿನಿಂದಲೇ. ಇದು ಆಳದ ಕಡಲಿನ ಪ್ರಾಣಿಯಲ್ಲ. ದಡಕ್ಕೆ ಹತ್ತಿರ, ಇಪ್ಪತ್ತೈದು ಮೀಟರಿಗಿಂತ ಕಡಿಮೆ ಆಳದಲ್ಲಿ, ಹೊಳೆ ಕಡಲಿಗೆ ಸೇರುವ ಕಡೆಯಲ್ಲಿ ಮೀನು ಹುಡುಕುತ್ತ ಬಾಳುತ್ತದೆ.

ಆಮೇಲೆ ಎರಡು ಒಟ್ಟಿಗೆ ಎದ್ದವು. ದೊಡ್ಡದರ ಪಕ್ಕೆಗೆ ಅಂಟಿಕೊಂಡೇ ತಿಳಿಬೂದಿ ಬಣ್ಣದ ಮರಿ. ತಾಯಿಯ ಉಸಿರು 'ಫೂಸ್', ಅದರ ಹಿಂದೆಯೇ ಮರಿಯದು ಸಣ್ಣಗೆ. ಮಗಳು ಪಿಸುಗುಟ್ಟಿದಳು, "ಅಪ್ಪಾ, ಮೀನಿನ ಬಾಲ ಹಿಂಗ ಎಡಕ್ಕ ಬಲಕ್ಕ ಹೊರಳ್ತೈತಿ. ಇದು ಮ್ಯಾಲೆ ಕೆಳಗ ಮಾಡಾಕತ್ತೈತಿ." ದೋಣಿಯವರು ಅವಳನ್ನು ಮೆಚ್ಚಿಗೆಯಿಂದ ನೋಡಿ, "ಮೀನಲ್ಲ ಮಗಾ ಅದು. ಮರಿ ಹಾಕಿ ಹಾಲು ಕುಡಿಸ್ತದೆ. ನಮ್ಮಂಗೇ ಗಾಳಿ ಬೇಕು ಅದಕ್ಕೆ" ಅಂದರು.

ಊರಿಗೆ ಬಂದ ಮೇಲೆ ಈ ಮಾತು ಹಿಡಿದು ಓದುತ್ತ ಹೋದೆ. ಮಗಳು ಕಂಡ ಬಾಲದ ಆ ಚಲನೆ ನೆಲದ ಮೇಲೆ ಓಡುತ್ತಿದ್ದ ಪೂರ್ವಜರಿಂದ ಬಂದ ಬಳುವಳಿ. ನಾಲ್ಕು ಕಾಲಿನ ಪ್ರಾಣಿ ಓಡುವಾಗ ಬೆನ್ನೆಲುಬು ಮೇಲೆ ಕೆಳಗೆ ಬಳುಕುತ್ತದಲ್ಲ, ಅದೇ ಬಳುಕು. ತಿಮಿಂಗಿಲ, ಡಾಲ್ಫಿನ್‌ಗಳ ಹಿರಿಯರು ಸುಮಾರು ಐದು ಕೋಟಿ ವರ್ಷಗಳ ಹಿಂದೆ ನೆಲ ಬಿಟ್ಟು ನೀರಿಗಿಳಿದವರು. ಅದಕ್ಕೆ ಸಾಕ್ಷಿ ಸಿಕ್ಕಿದ್ದು ನಮ್ಮ ಉಪಖಂಡದಲ್ಲೇ. ಜಮ್ಮುವಿನ ಕಾಲಾಕೋಟ್ ಕಡೆ ಭೂವಿಜ್ಞಾನಿ ಎ. ರಂಗರಾವ್ ಕೂಡಿಟ್ಟಿದ್ದ ಕಲ್ಲುಗಳೊಳಗೆ 'ಇಂಡೋಹಯಸ್' ಎಂಬ ಗೊರಸಿನ ಸಣ್ಣ ಪ್ರಾಣಿಯ ಎಲುಬುಗಳಿದ್ದವು. ಅದರ ಕಿವಿಯ ಎಲುಬು ತಿಮಿಂಗಿಲಗಳ ಕಿವಿಯಂತೆಯೇ ದಪ್ಪಗಿದೆ ಎಂದು ವಿಜ್ಞಾನಿ ಹಾನ್ಸ್ ತೆವಿಸ್ಸೆನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದರು. ಗುಜರಾತಿನ ಕಚ್ಛ್‌ನಲ್ಲೂ ಹಳೆಯ ತಿಮಿಂಗಿಲಗಳ ಪಳೆಯುಳಿಕೆ ಸಿಕ್ಕಿವೆ. ಕಾಲು ಹೋದವು, ಮೂಗು ನೆತ್ತಿಗೇರಿತು, ಆದರೆ ಶ್ವಾಸಕೋಶ ಮಾತ್ರ ಉಳಿದುಕೊಂಡಿತು. ನೀರಲ್ಲೇ ಹುಟ್ಟಿ ನೀರಲ್ಲೇ ಸಾಯುವ ಈ ಜೀವ ಪ್ರತಿ ಉಸಿರಿಗೂ ನಮ್ಮ ಗಾಳಿಗೆ ಬಂದೇ ಹೋಗಬೇಕು. ಮಲಗಿದಾಗಲೂ ಮಿದುಳಿನ ಅರ್ಧ ಮಲಗಿ, ಇನ್ನರ್ಧ ಎಚ್ಚರಿರುತ್ತದೆ. ಪೂರ್ತಿ ಮೈಮರೆತರೆ ಉಸಿರಿಗೆ ಮೇಲೆ ಬರುವವರಾರು?

ಬೆಂಕಿಗೆ ಇನ್ನಷ್ಟು ಕಟ್ಟಿಗೆ ದೂಡಿರಿ, ಹೇಳಲೇಬೇಕಾದ್ದು ಈಗ ಬರುತ್ತದೆ.

ಅಂದು ಅಳಿವೆಯಲ್ಲಿ ನಾವು ತಾಯಿ ಮರಿಯನ್ನು ನೋಡುತ್ತ ಕೂತಿದ್ದಾಗ ಇನ್ನೊಂದು ದೋಣಿ ಜೋರಾಗಿ ಬಂತು. ಅದರಲ್ಲಿದ್ದವರು ಮೊಬೈಲ್ ಎತ್ತಿ ಕೂಗುತ್ತ, "ಅಲ್ಲಿ, ಅಲ್ಲಿ, ಬೆನ್ನು ಹತ್ತು" ಅನ್ನುತ್ತಿದ್ದರು. ದೋಣಿ ತಾಯಿ ಮರಿಯ ಮೇಲೇ ನುಗ್ಗಿತು. ಅವೆರಡೂ ಉಸಿರು ಪೂರ್ತಿ ಎಳೆದುಕೊಳ್ಳುವ ಮೊದಲೇ ಮುಳುಗಿದವು. ಮತ್ತೆ ಎದ್ದದ್ದು ಬಹಳ ದೂರ, ಅದೂ ಬೇರೆ ಬೇರೆ ಕಡೆ. ನಮ್ಮ ದೋಣಿಯವರು ಅವರಿಗೆ ಕೈ ಮಾಡಿ ಬೇಡ ಅಂದರು. ಆ ಗದ್ದಲದಲ್ಲಿ ಯಾರೂ ಕೇಳಲಿಲ್ಲ. ತಾಯಿ ಮರಿ ಮತ್ತೆ ಕೂಡಿ ಎದ್ದ ಮೇಲೆಯೇ ಅವ್ವ ಹಿಡಿದಿದ್ದ ನನ್ನ ತೋಳು ಬಿಟ್ಟಳು.

ದಡಕ್ಕೆ ವಾಪಸ್ಸಾಗುವಾಗ ದೋಣಿಯವರು ಒಂದು ಸಂಗತಿ ಹೇಳಿದರು. ಒಮ್ಮೆ ಅವರ ಬಲೆಗೆ ಕಡಲಾಮೆ ಸಿಕ್ಕಿತ್ತಂತೆ. ಕಡಲಾಮೆಗೂ ಮೇಲಿನ ಗಾಳಿಯೇ ಗತಿ. ಬಲೆಯಲ್ಲಿ ಸಿಕ್ಕು ಮೇಲೆ ಬರಲಾಗದಿದ್ದರೆ ನೀರಿನ ಜೀವವೇ ನೀರಲ್ಲಿ ಉಸಿರುಕಟ್ಟಿ ಸಾಯುತ್ತದೆ. ಅವರು ಬಲೆ ಕತ್ತರಿಸಿ ಬಿಟ್ಟರಂತೆ. "ಬಲೆ ಮತ್ತೆ ಹೆಣೀಬಹುದು ಅಮ್ಮಾ" ಅಂದರು. ಮೀನಿನ ಮೇಲೆಯೇ ಮನೆ ನಡೆಸುವವರಿಗೆ ಒಂದು ಬಲೆ ಎಂದರೆ ಎಷ್ಟು ಎಂಬುದು ಬೀಜ, ಗೊಬ್ಬರಕ್ಕೆ ಸಾಲ ಮಾಡುವ ನಮಗೆ ತಿಳಿಯದ್ದೇನಲ್ಲ.

ಅದೇ ಕಡಲಾಮೆ ಚಳಿಗಾಲದ ರಾತ್ರಿಗಳಲ್ಲಿ ಈ ದಡಗಳಿಗೆ ಬಂದು, ಉಸುಕು ತೋಡಿ, ನೂರರ ಹತ್ತಿರ ಮೊಟ್ಟೆ ಇಟ್ಟು ಹೋಗುತ್ತದೆ. ಸುಮಾರು ಐವತ್ತು ದಿನ ಆ ಮೊಟ್ಟೆಗಳೂ ಉಸುಕಿನ ಸಂದಿನ ಗಾಳಿಯಲ್ಲೇ ಜೀವ ಹಿಡಿದಿರುತ್ತವೆ. ಮೇಲೆ ಗಾಡಿ ಓಡಿಸಿದರೆ ಅದೂ ಹೋಯಿತು. ಅರಣ್ಯ ಇಲಾಖೆಯವರು ಗೂಡಿನ ಸುತ್ತ ಜಾಳಿಗೆ ಕಟ್ಟುವುದು ನಾಯಿ, ನರಿಗಳಷ್ಟೇ ನಮ್ಮನ್ನೂ ದೂರವಿಡಲು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಡಾಲ್ಫಿನ್‌ಗೂ ಕಡಲಾಮೆಗೂ ಮೊದಲ ಅನುಸೂಚಿಯ ರಕ್ಷಣೆಯಿದೆ. ಹುಲಿಗೆ ಇರುವುದೂ ಅದೇ. ಈ ಜಾತಿಯ ಡಾಲ್ಫಿನ್ 2017ರಿಂದ ಜಾಗತಿಕ ಕೆಂಪುಪಟ್ಟಿಯಲ್ಲಿ ಅಳಿವಿನಂಚಿನ ಜೀವಿ ಎನಿಸಿಕೊಂಡಿದೆ. ದಡದ ಹತ್ತಿರವೇ ಬಾಳುವುದರಿಂದ ಬಲೆ, ಬಂದರು, ಕೊಳಚೆ, ದೋಣಿಗಳ ಗದ್ದಲ ಎಲ್ಲವೂ ಮೊದಲು ಬೀಳುವುದು ಇದರ ಮೇಲೆಯೇ. ಕಾನೂನು ದಡದಲ್ಲಿ ನಿಂತಿರುತ್ತದೆ. ದೋಣಿಯೊಳಗೆ ಇರುವವರು ನಾವು, ದುಡ್ಡು ಕೊಟ್ಟವರು. ನಾವು ನಿಧಾನ ಅಂದರೆ ದೋಣಿ ನಿಧಾನವಾಗುತ್ತದೆ, ಬೆನ್ನು ಹತ್ತು ಅಂದರೆ ಹತ್ತುತ್ತದೆ. ಕಡಲಿನಿಂದ ಇಷ್ಟು ದೂರ ಇರುವ ಕಲ್ಮಲದವರ ಕೈಯಲ್ಲೂ ಆ ಮರಿಯ ಒಂದು ಉಸಿರು ಇದೆ ಎಂದು ನನಗೆ ತಿಳಿದದ್ದು ಅಂದು.

ನಮ್ಮ ಓಣಿಯಿಂದ ಯಾರೇ ಗೋಕರ್ಣ, ಮುರ್ಡೇಶ್ವರ, ಕಾರವಾರಕ್ಕೆ ಹೊರಟರೂ ಅವ್ವ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕೊಡುತ್ತಾಳೆ, ಜೊತೆಗೆ ಒಂದು ಮಾತನ್ನೂ: "ದೋಣಿ ಹತ್ತಿದ ಮ್ಯಾಲೆ ಇಂಜಿನ್ ಬಂದ್ ಮಾಡ್ರಿ ಅನ್ರಿ. ರೊಕ್ಕ ಕೊಟ್ಟೀವಿ ಅಂತ ಬೆನ್ನು ಹತ್ತಬ್ಯಾಡ್ರಿ. ಕೂಸಿನ ತಾಯಿ ಅದು, ಉಸಿರಾಡ್ಲಿಕ್ಕೆ ಬಂದಿರ್ತೈತಿ." ಹೋಗಿ ಬಂದವರು ಮೊದಲು ನಮ್ಮ ಮನೆಗೇ ಬಂದು ಕಂಡದ್ದನ್ನು ಹೇಳಬೇಕು. ಎಷ್ಟು ಡಾಲ್ಫಿನ್ ನೋಡಿದಿರಿ ಎಂದು ಅವಳು ಕೇಳುವುದಿಲ್ಲ. ಎಷ್ಟು ಹೊತ್ತು ಸುಮ್ಮನೆ ಕೂತಿದ್ದಿರಿ ಎಂದು ಕೇಳುತ್ತಾಳೆ.