ಗೆರೆ ಬಿಟ್ಟರೆ ಔಟ್, ಅದು ಮೋಸವಲ್ಲ

ಬೇಸಿಗೆ ಬಂತೆಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಊರೂರಲ್ಲೂ ಟೆನಿಸ್ ಬಾಲ್ ಕ್ರಿಕೆಟ್ ಶುರುವಾಗುತ್ತದೆ. ಸುದ್ದಿ ಕಳಿಸುವ ನಮಗೆ ಪತ್ರಿಕೆಯಲ್ಲಿ ಸಿಗುವುದು ನಾಲ್ಕು ಸಾಲು: ಗೆದ್ದ ತಂಡ, ಸೋತ ತಂಡ, ಬಹುಮಾನ ಕೊಟ್ಟವರು, ವೇದಿಕೆ ಮೇಲಿದ್ದವರು. ಪಂದ್ಯ ಅರ್ಧಕ್ಕೆ ನಿಂತದ್ದು ಏಕೆ ಎಂಬುದಕ್ಕೆ ಜಾಗವಿರುವುದಿಲ್ಲ. ಅದನ್ನು ಇಲ್ಲಿ ಬರೆಯುತ್ತೇವೆ.

ನಾವು ಕಂಡ ಜಗಳಗಳಲ್ಲಿ ಒಂದು ಪದೇ ಪದೇ ಬರುತ್ತದೆ. ಬ್ಯಾಟ್ಸ್‌ಮನ್ ಹೊಡೆಯಲು ಹೋಗಿ ತಪ್ಪುತ್ತಾನೆ. ಬಾಲ್ ಕೀಪರ್ ಕೈ ಸೇರುತ್ತದೆ. ಇವನು ಪಿಚ್ ಮೇಲಿನ ಹೆಂಟೆ ಕುಟ್ಟಲು ಗೆರೆ ದಾಟುತ್ತಾನೆ. ಕೀಪರ್ ತಕ್ಷಣ ಸ್ಟಂಪಿಗೆ ಎಸೆಯುತ್ತಾನೆ. 'ಬಾಲ್ ಡೆಡ್ ಆಗಿತ್ರೀ, ಇದು ಚೀಟಿಂಗ್' ಎಂದು ಒಂದು ಊರು. 'ಗೆರಿ ಬಿಟ್ಟಾನಲ್ರೀ, ಔಟ್ ಕೊಡ್ರಿ' ಎಂದು ಇನ್ನೊಂದು ಊರು. ಒಮ್ಮೆ ಹೀಗೆ ಔಟ್ ಮಾಡಿದ ಹತ್ತನೇ ತರಗತಿಯ ಹುಡುಗನನ್ನು ದೊಡ್ಡವರೇ ಮೋಸಗಾರ ಎಂದು ಬೈದರು. ಆ ಹುಡುಗ ಆಮೇಲೆ ಗ್ಲೌಸ್ ಮುಟ್ಟಲಿಲ್ಲ.

ಬೇಸ್‌ಬಾಲ್‌ನಲ್ಲಿ ಇದೇ ಕೆಲಸಕ್ಕೆ ಚಪ್ಪಾಳೆ ಬೀಳುತ್ತದೆ. ಅಲ್ಲಿ ಒಂದು ಬೇಸ್‌ನಿಂದ ಇನ್ನೊಂದಕ್ಕೆ 90 ಅಡಿ. ಓಟಗಾರ ಆ ದೂರ ಕಡಿಮೆ ಮಾಡಿಕೊಳ್ಳಲು ಮೊದಲೇ ಬೇಸ್ ಬಿಟ್ಟು ಕೆಲವು ಹೆಜ್ಜೆ ಮುಂದೆ ನಿಲ್ಲುತ್ತಾನೆ. ಬ್ಯಾಟ್ಸ್‌ಮನ್ ಹಿಂದೆ ಕುಕ್ಕರುಗಾಲಲ್ಲಿ ಕೂತ ಕ್ಯಾಚರ್‌ನ ಕಣ್ಣು ಅವನ ಮೇಲೂ ಇರುತ್ತದೆ. ಬಾಲ್ ಹೊಡೆಯದೆ ಹಾದುಹೋದರೆ ಓಟಗಾರ ಸಡಿಲವಾಗಿ, ನಿಧಾನಕ್ಕೆ ವಾಪಸ್ ನಡೆಯುತ್ತಾನೆ. ಅದೇ ಕ್ಷಣಕ್ಕೆ ಕ್ಯಾಚರ್ ಬೇಸ್‌ಗೆ ಎಸೆಯುತ್ತಾನೆ. ಅಲ್ಲಿರುವ ಫೀಲ್ಡರ್ ಬಾಲ್ ಹಿಡಿದು ಓಟಗಾರನಿಗೆ ಮುಟ್ಟಿಸಿದರೆ ಔಟ್. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದಲ್ಲಿ 2004ರಿಂದ 2022ರವರೆಗೆ ಆಡಿದ ಯಾಡಿಯರ್ ಮೊಲಿನಾ ಇದರಲ್ಲಿ ಹೆಸರು ಮಾಡಿದವರು. ಎಸೆತ ಗುರಿ ತಪ್ಪಿದರೆ ಓಟಗಾರ ಮುಂದಿನ ಬೇಸ್‌ಗೆ ಓಡಬಹುದು. ಹಾಗಾಗಿ ಎಸೆಯುವವನಿಗೂ ಅಪಾಯವಿದೆ. ನಮ್ಮ ಕೀಪರ್‌ಗೂ ಅಷ್ಟೇ, ಗುರಿ ತಪ್ಪಿದರೆ ಓವರ್‌ಥ್ರೋ ರನ್.

ನಮ್ಮಲ್ಲೂ ಸ್ಟಂಪಿಂಗ್ ಎಂದರೆ ಹೆಮ್ಮೆಯೇ. 1985ರ ಮಾರ್ಚ್ 10ರಂದು ಮೆಲ್ಬರ್ನ್‌ನಲ್ಲಿ ಪಾಕಿಸ್ತಾನದ ವಿರುದ್ಧ ವಿಶ್ವ ಚಾಂಪಿಯನ್‌ಶಿಪ್ ಫೈನಲ್. ಲಕ್ಷ್ಮಣ್ ಶಿವರಾಮಕೃಷ್ಣನ್ ಬೌಲಿಂಗ್‌ನಲ್ಲಿ ಜಾವೇದ್ ಮಿಯಾಂದಾದ್‌ರನ್ನು ಸ್ಟಂಪ್ ಮಾಡಿದವರು ಬೆಂಗಳೂರಿನ ಸದಾನಂದ ವಿಶ್ವನಾಥ್. ಅದನ್ನು ಯಾರೂ ಮೋಸ ಎನ್ನಲಿಲ್ಲ. ಹೊಡೆಯಲು ಮುಂದೆ ಬಂದವನು ಔಟಾದರೆ ಸರಿ, ಮರೆತು ಮುಂದೆ ಬಂದವನು ಔಟಾದರೆ ಅನ್ಯಾಯ ಎಂಬುದು ನಮ್ಮ ಜಗಳದ ಬೇರು.

ದೊಡ್ಡವರೂ ಇದೇ ಜಗಳ ಆಡಿದ್ದಾರೆ. 2023ರ ಜುಲೈ 2ರಂದು ಲಾರ್ಡ್ಸ್ ಟೆಸ್ಟ್‌ನಲ್ಲಿ ಇಂಗ್ಲೆಂಡ್‌ನ ಜಾನಿ ಬೇರ್‌ಸ್ಟೋ ಬೌನ್ಸರ್‌ಗೆ ತಲೆ ತಗ್ಗಿಸಿ, ಓವರ್ ಮುಗಿಯಿತೆಂದು ಕ್ರೀಸ್ ಬಿಟ್ಟು ನಡೆದರು. ಆಸ್ಟ್ರೇಲಿಯಾದ ಕೀಪರ್ ಅಲೆಕ್ಸ್ ಕ್ಯಾರಿ ಹಿಡಿದ ಬಾಲನ್ನು ತಡಮಾಡದೆ ಸ್ಟಂಪಿಗೆ ಎಸೆದರು. ಮೂರನೇ ಅಂಪೈರ್ ಔಟ್ ಕೊಟ್ಟರು. ಇಂಗ್ಲೆಂಡ್ 43 ರನ್‌ಗಳಿಂದ ಸೋತಿತು. ಮೈದಾನದ ಒಡೆತನವಿರುವ ಎಂಸಿಸಿ ಕ್ಲಬ್, ಆಸ್ಟ್ರೇಲಿಯಾದ ಆಟಗಾರರೊಂದಿಗೆ ಕೆಟ್ಟದಾಗಿ ನಡೆದುಕೊಂಡ ತನ್ನ ಮೂವರು ಸದಸ್ಯರನ್ನು ಅಮಾನತು ಮಾಡಿತು.

ನಿಯಮದಲ್ಲಿ ಗೊಂದಲವಿಲ್ಲ. ಕೀಪರ್ ಕೈಗೆ ಬಂದ ಮಾತ್ರಕ್ಕೆ ಬಾಲ್ ಡೆಡ್ ಆಗುವುದಿಲ್ಲ. ಆಟ ನಿಂತಿತೆಂದು ಎರಡೂ ಕಡೆಯವರು ಬಿಟ್ಟಿದ್ದಾರೆ ಎಂಬುದು ಬೌಲರ್ ತುದಿಯ ಅಂಪೈರ್‌ಗೆ ಸ್ಪಷ್ಟವಾಗಬೇಕು. ಕೀಪರ್ ಬಾಲ್ ಹಿಡಿದುಕೊಂಡು, ಸುಮ್ಮನಿದ್ದು, ಬ್ಯಾಟ್ಸ್‌ಮನ್ ನಡೆಯಲೆಂದು ಕಾದರೆ ಮಾತು ಬೇರೆ. ಹಿಡಿದ ಕೂಡಲೇ ಎಸೆದರೆ ಅವನು ಆಟ ಬಿಟ್ಟಿಲ್ಲ ಎಂದೇ ಅರ್ಥ.

ನಮ್ಮೂರ ಪಂದ್ಯಗಳಿಗೆ ಬೇಕಾದದ್ದು ದೊಡ್ಡದೇನಲ್ಲ. ಟಾಸ್‌ಗೆ ಮುಂಚೆ ಅಂಪೈರ್ ಇಬ್ಬರು ನಾಯಕರಿಗೂ ಈ ನಿಯಮ ಹೇಳಬೇಕು. ಕಾಲ್ತುಳಿತಕ್ಕೆ ಅಳಿಸಿಹೋಗುವ ಸುಣ್ಣದ ಗೆರೆಯನ್ನು ನಡುನಡುವೆ ಮತ್ತೆ ಹಾಕಿಸಬೇಕು. ಓವರ್ ಮುಗಿದರೆ ಕೂಗಿ ಹೇಳಬೇಕು. ಬ್ಯಾಟ್ಸ್‌ಮನ್ ಹೆಂಟೆ ಕುಟ್ಟುವ ಮುಂಚೆ ಕೀಪರ್ ಕಡೆ ಒಮ್ಮೆ ನೋಡಬೇಕು. ಇಷ್ಟಾದರೆ, ಕಣ್ಣಿಟ್ಟು ಆಡಿದ ಹುಡುಗ ಬೈಗುಳ ತಿಂದು ಮನೆಗೆ ಹೋಗುವುದಾದರೂ ತಪ್ಪೀತು.